ಫೋನಿನಲ್ಲಿ ಮನಸ್ಸಿನ ಗಾಯ ಮಾಯುತ್ತದೆಯೇ? ನೂರು ವರ್ಷದ ಒಂದು ಕತೆ

ಕೆರೆಯಲ್ಲಿ ಮುಳುಗಿ ಬದುಕಿ ಬಂದ ಹುಡುಗ ರಾತ್ರಿಯೆಲ್ಲ ಬೆಚ್ಚಿಬಿದ್ದು ಕಿರುಚಿದರೆ ನಮ್ಮ ಊರುಗಳಲ್ಲಿ ‘ದಿಗಿಲು ಬಿದ್ದಿದ್ದಾನೆ’ ಎನ್ನುತ್ತಾರೆ. ಬಸ್ಸು ಪಲ್ಟಿಯಾದಾಗ ಪಕ್ಕದ ಸೀಟಿನವರು ಸತ್ತದ್ದನ್ನು ಕಂಡವನು ಮತ್ತೆ ಬಸ್ಸು ಹತ್ತದಿದ್ದರೆ ‘ಗಂಡಸಾಗಿ ಇಷ್ಟೂ ಧೈರ್ಯ ಇಲ್ವಾ’ ಎನ್ನುತ್ತಾರೆ. ದೌರ್ಜನ್ಯಕ್ಕೆ ಸಿಕ್ಕಿದ ಹೆಣ್ಣುಮಗಳು ಮಾತು ನಿಲ್ಲಿಸಿ ಮೂಲೆ ಹಿಡಿದರೆ ‘ಗಾಳಿ ಸೋಕಿದೆ’ ಎಂದು ತಾಯಿತ ಕಟ್ಟಿಸುತ್ತಾರೆ. ಮೂರು ಕಡೆಯೂ ಕೊನೆಗೆ ಹೇಳುವ ಮಾತು ಒಂದೇ: ‘ಆಗಿದ್ದು ಆಗಿಹೋಯ್ತು, ಮರೆತುಬಿಡು.’

ಮರೆಯಲು ಆಗುವುದಿಲ್ಲ ಎಂಬುದೇ ಈ ಕಾಯಿಲೆ. ಇದಕ್ಕೆ ಡಾಕ್ಟರುಗಳು ಇಟ್ಟಿರುವ ಹೆಸರು ಪಿಟಿಎಸ್‌ಡಿ. ದೊಡ್ಡ ಆಘಾತದ ನಂತರ ಉಳಿದುಬಿಡುವ ಒತ್ತಡದ ಕಾಯಿಲೆ ಎಂದು ಅರ್ಥ. ಇದಕ್ಕೆ ಔಷಧವೂ ಇದೆ, ಮಾತಿನ ಚಿಕಿತ್ಸೆಯೂ ಇದೆ. ಆದರೆ ಮಾತಿನ ಚಿಕಿತ್ಸೆ ಕೊಡುವವರು ಹೆಚ್ಚಾಗಿ ಇರುವುದು ದೊಡ್ಡ ಊರುಗಳಲ್ಲಿ. ವಾರಕ್ಕೊಮ್ಮೆ, ಎರಡು ಮೂರು ತಿಂಗಳು ಅಲ್ಲಿಗೆ ಹೋಗಿ ಬರುವುದು ಹಳ್ಳಿಯವರಿಗೆ ಆಗದ ಮಾತು. ಕೂಲಿ ಹೋಗುತ್ತದೆ, ಬಸ್ ಚಾರ್ಜ್ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ‘ಎಲ್ಲಿಗೆ ಹೋಗ್ತಾ ಇದ್ದೀಯಾ’ ಎಂದು ಕೇಳುವವರಿಗೆ ಉತ್ತರ ಕೊಡಬೇಕು.

ಹಾಗಾದರೆ ಫೋನಿನಲ್ಲೇ, ಎದುರು ಕೂರದೆಯೇ, ಇಂಥ ಗಾಯ ಮಾಯುತ್ತದೆಯೇ? ಈ ಪ್ರಶ್ನೆ ಹೊಸದೆಂದು ಕಾಣುತ್ತದೆ, ಆದರೆ ಇದಕ್ಕೂ ಒಂದು ಚರಿತ್ರೆ ಇದೆ. ಅದನ್ನು ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಈ ಚಿಕಿತ್ಸೆಗೆ ದೂರ ಅಡ್ಡಿಯಾದದ್ದಕ್ಕಿಂತ ನಾಚಿಕೆ ಅಡ್ಡಿಯಾದದ್ದೇ ಹೆಚ್ಚು.

ಹೇಡಿಗಳು ಎಂದರು

1914ರಲ್ಲಿ ಯುರೋಪಿನಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಕಂದಕ ತೋಡಿಕೊಂಡು ಕುಳಿತ ಸೈನಿಕರ ಮೇಲೆ ದಿನಗಟ್ಟಲೆ ಶೆಲ್ಲುಗಳು ಬಿದ್ದವು. ಮೈಮೇಲೆ ಒಂದು ಗೀರೂ ಇಲ್ಲದ ಗಟ್ಟಿಮುಟ್ಟಾದ ಆಳುಗಳು ನಡುಗುತ್ತ, ಮಾತು ಬಿದ್ದುಹೋಗಿ, ಕೆಲವರು ಕಣ್ಣೇ ಕಾಣದೆ ಆಸ್ಪತ್ರೆ ಸೇರತೊಡಗಿದರು. ಬ್ರಿಟಿಷ್ ಸೇನೆಯ ಡಾಕ್ಟರ್ ಚಾರ್ಲ್ಸ್ ಮೈಯರ್ಸ್ 1915ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಂಥ ಸೈನಿಕರ ಬಗ್ಗೆ ಬರೆದರು. ‘ಶೆಲ್ ಶಾಕ್’ ಎಂಬ ಹೆಸರು ಅಲ್ಲಿಂದ ಡಾಕ್ಟರುಗಳ ಬಾಯಿಗೆ ಬಂತು. ಶೆಲ್ ಸಿಡಿದಾಗ ಮಿದುಳು ಅದುರಿ ಹೀಗಾಗಿರಬೇಕೆಂದು ಮೊದಮೊದಲು ಅಂದುಕೊಂಡರು. ಆದರೆ ಶೆಲ್ ಹತ್ತಿರವೂ ಇರದಿದ್ದವರಿಗೆ ಇದೇ ಕಾಯಿಲೆ ಬಂದಾಗ ಆ ಲೆಕ್ಕ ತಪ್ಪಿತು.

ಎಲ್ಲರಿಗೂ ಆಸ್ಪತ್ರೆ ಸಿಗಲಿಲ್ಲ. ಕಂದಕ ಬಿಟ್ಟು ಓಡಿದರು, ಹೇಡಿತನ ತೋರಿದರು ಎಂಬಂಥ ಅಪರಾಧ ಹೊರಿಸಿ ಬ್ರಿಟಿಷ್ ಸೇನೆ ತನ್ನದೇ ಸೈನಿಕರನ್ನು ಗುಂಡಿಟ್ಟು ಕೊಂದಿತು. ಅವರಲ್ಲಿ ಎಷ್ಟೋ ಜನ ಇದೇ ಕಾಯಿಲೆಯವರು ಎಂದು ಅವರ ಮನೆಯವರು ದಶಕಗಳ ಕಾಲ ಹೋರಾಡಿದರು. ಹೀಗೆ ಸತ್ತ 306 ಮಂದಿಗೆ ಬ್ರಿಟನ್ ಸರ್ಕಾರ ಕ್ಷಮಾದಾನ ಕೊಟ್ಟದ್ದು 2006ರಲ್ಲಿ. ಸುಮಾರು 90 ವರ್ಷ ಆ ಮನೆಗಳು ‘ಹೇಡಿಯ ಮನೆ’ ಎನಿಸಿಕೊಂಡು ಬದುಕಿದವು.

ಅದೇ ಯುದ್ಧದಲ್ಲಿ ಬೇರೆ ದಾರಿ ಹಿಡಿದ ಒಬ್ಬ ಡಾಕ್ಟರ್ ಇದ್ದರು. ಅವರ ಹೆಸರು ಡಬ್ಲ್ಯು. ಎಚ್. ಆರ್. ರಿವರ್ಸ್. ನಮ್ಮ ನೆರೆಯ ನೀಲಗಿರಿಗೂ ಅವರಿಗೂ ನಂಟಿದೆ. 1901–02ರಲ್ಲಿ ಅವರು ನೀಲಗಿರಿ ಬೆಟ್ಟದ ತೋಡ ಜನರ ನಡುವೆ ತಿಂಗಳುಗಟ್ಟಲೆ ಇದ್ದು, ಅವರ ಮಾತು ಕೇಳಿ, 1906ರಲ್ಲಿ ಅವರ ಬಗ್ಗೆ ದೊಡ್ಡ ಪುಸ್ತಕ ಬರೆದರು. ಯುದ್ಧದ ಕಾಲಕ್ಕೆ ಅವರು ಸ್ಕಾಟ್ಲೆಂಡಿನ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಶೆಲ್ ಶಾಕ್ ಆದ ಅಧಿಕಾರಿಗಳಿಗೆ ಚಿಕಿತ್ಸೆ ಕೊಡುತ್ತಿದ್ದರು.

ಅಲ್ಲಿಗೆ ಬಂದವರಿಗೆಲ್ಲ ಅದುವರೆಗೆ ಸಿಕ್ಕ ಬುದ್ಧಿಮಾತು ‘ಮರೆತುಬಿಡಿ, ಬೇರೆ ಏನಾದರೂ ಯೋಚಿಸಿ’ ಎಂಬುದೇ. ರಿವರ್ಸ್ ಅದನ್ನು ಒಪ್ಪಲಿಲ್ಲ. ಕಂಡದ್ದನ್ನು ಹಗಲೆಲ್ಲ ಒಳಗೆ ಅದುಮಿಟ್ಟರೆ ಅದು ರಾತ್ರಿ ಕನಸಾಗಿ ಬಂದು ಕಾಡುತ್ತದೆ. ನಂಬಿಕೆಯವರ ಎದುರು ಸ್ವಲ್ಪಸ್ವಲ್ಪವಾಗಿ ಅದನ್ನು ಹೇಳಿಕೊಂಡರೆ ಅದರ ಬಲ ಕುಗ್ಗುತ್ತದೆ ಎಂದು 1917ರ ಡಿಸೆಂಬರಿನಲ್ಲಿ ಡಾಕ್ಟರುಗಳ ಸಭೆಯಲ್ಲಿ ವಾದಿಸಿದರು. ಹಾಗೆಂದು ದಿನವಿಡೀ ಅದನ್ನೇ ನೆನೆಯುತ್ತ ಕೂರಿ ಎಂದೂ ಅವರು ಹೇಳಲಿಲ್ಲ. ಅದುಮಿಡುವುದೂ ಬೇಡ, ಅದರಲ್ಲೇ ಮುಳುಗುವುದೂ ಬೇಡ. ಇವತ್ತಿನ ಪಿಟಿಎಸ್‌ಡಿ ಚಿಕಿತ್ಸೆಗಳ ತಳಪಾಯದಲ್ಲಿಯೂ ಇದೇ ಮಾತಿದೆ.

ಆ ಯುದ್ಧಕ್ಕೆ ಭಾರತದಿಂದ 10 ಲಕ್ಷಕ್ಕೂ ಹೆಚ್ಚು ಜನ ಹೋಗಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕುದುರೆ ಪಡೆಯಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು. ಅವರ ಸ್ಮಾರಕ ಬೆಂಗಳೂರಿನಲ್ಲಿದೆ. ಸತ್ತವರನ್ನು ಕಲ್ಲು ನೆನೆಯುತ್ತದೆ. ಬದುಕಿ ಬಂದವರು ರಾತ್ರಿ ಏನು ಕಂಡು ಬೆಚ್ಚುತ್ತಿದ್ದರೋ ಅದನ್ನು ಯಾವ ಕಲ್ಲಿನ ಮೇಲೂ ಕೆತ್ತುವುದಿಲ್ಲ.

ಹೆಸರು ಸಿಕ್ಕಿತು

ಸೈನಿಕರಿಗೆ ಬಂದರೆ ಅದು ಯುದ್ಧದ ಕಾಯಿಲೆ. ಹಾಗಿದ್ದರೆ ಮನೆಯಲ್ಲಿ, ಬೀದಿಯಲ್ಲಿ ಪೆಟ್ಟು ತಿಂದ ಹೆಂಗಸರಿಗೆ? 1974ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ನರ್ಸಿಂಗ್ ಪ್ರಾಧ್ಯಾಪಕಿ ಆನ್ ಬರ್ಜೆಸ್ ಮತ್ತು ಸಮಾಜಶಾಸ್ತ್ರದ ಲಿಂಡಾ ಹೋಮ್‌ಸ್ಟ್ರಾಮ್ ಒಂದು ಲೇಖನ ಬರೆದರು. ಅತ್ಯಾಚಾರಕ್ಕೆ ಒಳಗಾಗಿ ಆಸ್ಪತ್ರೆಗೆ ಬಂದ ಹೆಂಗಸರನ್ನು ಮಾತಾಡಿಸಿ, ಆಮೇಲೂ ಅವರ ಸಂಪರ್ಕದಲ್ಲಿದ್ದು ಬರೆದದ್ದು ಅದು. ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ಆ ಜಾಗದ ಹತ್ತಿರ ಸುಳಿಯದಿರುವುದು: ಸೈನಿಕರಲ್ಲಿ ಕಂಡದ್ದೇ ಇವರಲ್ಲೂ ಇತ್ತು. ಇವರ ಜೊತೆ ಮುಂದೆ ಫೋನಿನಲ್ಲಿ ಮಾತಾಡುತ್ತ ಧೈರ್ಯ ತುಂಬುವ ಪದ್ಧತಿಯನ್ನೂ ಅವರಿಬ್ಬರು ಬಳಸಿದ್ದರು.

ಆ ಹೊತ್ತಿಗೆ ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರೂ ‘ನಮಗೆ ಆಗಿರುವುದು ಕಾಯಿಲೆ, ಇದನ್ನು ಒಪ್ಪಿಕೊಳ್ಳಿ’ ಎಂದು ಬೀದಿಗಿಳಿದಿದ್ದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕಾಯಿಲೆಗಳ ಪಟ್ಟಿಯ ಪುಸ್ತಕಕ್ಕೆ ಪಿಟಿಎಸ್‌ಡಿ ಎಂಬ ಹೆಸರನ್ನು ಸೇರಿಸಿತು. ಯುದ್ಧ, ಅತ್ಯಾಚಾರ, ಅಪಘಾತ, ಪ್ರವಾಹ ಎಲ್ಲಕ್ಕೂ ಒಂದೇ ಹೆಸರು. ತಪ್ಪು ಮನುಷ್ಯನ ಸ್ವಭಾವದಲ್ಲಿಲ್ಲ, ಅವನಿಗೆ ಆದದ್ದರಲ್ಲಿದೆ ಎಂದು ಆ ಹೆಸರು ಹೇಳಿತು.

ಲಕ್ಷಣಗಳು ನಾಲ್ಕು ಬಗೆ. ಆದದ್ದು ಈಗಲೇ ಮತ್ತೆ ಆಗುತ್ತಿದೆ ಎಂಬಂತೆ ಕಣ್ಣಿಗೆ ಕಟ್ಟುವುದು, ಕನಸಿನಲ್ಲಿ ಬರುವುದು. ಅದನ್ನು ನೆನಪಿಸುವ ಜಾಗ, ಜನ, ಮಾತನ್ನು ತಪ್ಪಿಸಿಕೊಂಡು ತಿರುಗುವುದು. ‘ನನ್ನದೇ ತಪ್ಪು’, ‘ಯಾರನ್ನೂ ನಂಬುವಂತಿಲ್ಲ’ ಎಂಬ ಯೋಚನೆ ಬೇರೂರಿ ಯಾವುದರಲ್ಲೂ ಖುಷಿ ಇಲ್ಲದಾಗುವುದು. ನಿದ್ದೆ ಕೆಟ್ಟು, ಸಿಟ್ಟು ಹೆಚ್ಚಾಗಿ, ಬಾಗಿಲು ಬಡಿದ ಸದ್ದಿಗೂ ಎದೆ ಹೊಡೆದುಕೊಳ್ಳುವುದು. ಇವು ಒಂದು ತಿಂಗಳು ಮೀರಿ ಉಳಿದು ಬದುಕನ್ನು ಕೆಡಿಸಿದರೆ ಪಿಟಿಎಸ್‌ಡಿ ಇರಬಹುದು. ದೊಡ್ಡ ಆಘಾತ ಕಂಡ ಎಲ್ಲರಿಗೂ ಇದು ಬರುವುದಿಲ್ಲ. ಹೆಚ್ಚಿನವರು ಮನೆಯವರ, ಊರಿನವರ ಆಸರೆಯಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಉಳಿದವರಿಗೆ ಚಿಕಿತ್ಸೆ ಬೇಕು.

ತಂತಿಯಲ್ಲಿ ಬಂದ ಡಾಕ್ಟರ್

ಕಾಯಿಲೆಗೆ ಹೆಸರು ಸಿಗುವ ಮುಂಚೆಯೇ ದೂರದ ಪ್ರಶ್ನೆ ಎದ್ದಿತ್ತು. 1953ರ ನವೆಂಬರಿನಲ್ಲಿ ಲಂಡನ್ನಿನ ಪಾದ್ರಿ ಚಾಡ್ ವರಾಹ್ ತಮ್ಮ ಚರ್ಚಿನಲ್ಲಿ ಒಂದು ಟೆಲಿಫೋನ್ ಇಟ್ಟು, ಸಾಯಬೇಕೆನಿಸಿದವರು ಯಾವಾಗ ಬೇಕಾದರೂ ಕರೆ ಮಾಡಿ ಎಂದರು. ಸಮಾರಿಟನ್ಸ್ ಎಂಬ ಸಂಸ್ಥೆ ಹುಟ್ಟಿದ್ದು ಹೀಗೆ. ಇವತ್ತಿನ ಸಹಾಯವಾಣಿಗಳೆಲ್ಲ ಆ ಫೋನಿನ ಮೊಮ್ಮಕ್ಕಳು.

ಫೋನಿನಲ್ಲಿ ಧೈರ್ಯ ಹೇಳಬಹುದು, ಚಿಕಿತ್ಸೆಯನ್ನೇ ಕೊಡಬಹುದೇ? ಅಮೆರಿಕದ ನೆಬ್ರಾಸ್ಕಾ ರಾಜ್ಯ ನಮ್ಮ ಬಯಲುಸೀಮೆಯ ಹಾಗೆ ವಿಶಾಲ, ಕೃಷಿ ಪ್ರಧಾನ, ಊರಿಂದೂರಿಗೆ ದೂರ. 1959ರಲ್ಲಿ ಅಲ್ಲಿನ ಮನೋವೈದ್ಯ ಸೆಸಿಲ್ ವಿಟ್ಸನ್ ಮತ್ತು ಅವರ ತಂಡ ಎರಡು ಕಡೆಯವರೂ ಒಬ್ಬರನ್ನೊಬ್ಬರು ನೋಡಿ ಮಾತಾಡುವ ಟಿವಿ ಜೋಡಿಸಿ ಗುಂಪು ಚಿಕಿತ್ಸೆ ನಡೆಸಿದರು. 1964ರಲ್ಲಿ ಒಮಾಹಾ ನಗರದ ಸಂಸ್ಥೆಗೂ ನಾರ್ಫೋಕ್ ಊರಿನ ಮಾನಸಿಕ ಆಸ್ಪತ್ರೆಗೂ ಟಿವಿ ಸಂಪರ್ಕ ಏರ್ಪಟ್ಟಿತು. ನಡುವೆ 180 ಕಿಲೋಮೀಟರ್, ಹೆಚ್ಚು ಕಡಿಮೆ ಬೆಂಗಳೂರಿನಿಂದ ಹಾಸನಕ್ಕೆ ಇರುವಷ್ಟು. ವಿಡಿಯೋ ಕಾಲ್ ಎಂದರೆ ಕೊರೊನಾ ಕಾಲದ ಸಂಗತಿ ಎಂದುಕೊಂಡವರು ಈ ವರ್ಷಗಳನ್ನು ನೆನಪಿಡಬೇಕು. ಆದರೆ ಆ ಯಂತ್ರ ದುಬಾರಿ. ರೋಗಿ ಆಸ್ಪತ್ರೆಗೆ ಬಂದೇ ಪರದೆಯ ಮುಂದೆ ಕೂರಬೇಕಿತ್ತು. ಮನೆಯ ಬಾಗಿಲಿಗೆ ಚಿಕಿತ್ಸೆ ಬರಲು ಇನ್ನೂ ಮೂರು ದಶಕ ಬೇಕಾಯಿತು. ಬಂದಾಗಲೂ ಅದು ಮುಖ ತೋರಿಸುವ ವಿಡಿಯೋ ಆಗಿ ಬರಲಿಲ್ಲ, ಬರವಣಿಗೆಯಾಗಿ ಬಂತು.

ವಾರಕ್ಕೆರಡು ಸಲ, ಮುಕ್ಕಾಲು ಗಂಟೆ

1986ರಲ್ಲಿ ಅಮೆರಿಕದ ಜೇಮ್ಸ್ ಪೆನ್‌ಬೇಕರ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ಹುಡುಗ ಹುಡುಗಿಯರಿಗೆ, ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ, ಜೀವನದಲ್ಲಿ ತುಂಬಾ ನೋವು ಕೊಟ್ಟ ಘಟನೆಯ ಬಗ್ಗೆ ಬರೆಯಿರಿ ಎಂದರು. ಇನ್ನು ಕೆಲವರಿಗೆ ಸಾಮಾನ್ಯ ವಿಷಯ ಕೊಟ್ಟರು. ಘಟನೆಯನ್ನೂ ಅದರ ನೋವನ್ನೂ ಬರೆದವರಿಗೆ ಬರೆದ ದಿನ ಬೇಸರ ಹೆಚ್ಚಾಯಿತು; ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಕಾಲೇಜಿನ ಆಸ್ಪತ್ರೆಗೆ ಹೋದದ್ದು ಕಡಿಮೆ.

ಇದರಿಂದಲೂ ಸ್ಫೂರ್ತಿ ಪಡೆದು 1990ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ಆಲ್ಫ್ರೆಡ್ ಲಾಂಗೆ ಮತ್ತು ಸಂಗಡಿಗರು ‘ಇಂಟರಾಪಿ’ ಎಂಬ ಚಿಕಿತ್ಸೆ ರೂಪಿಸಿದರು. ಇಂಟರ್ನೆಟ್ಟಿನಲ್ಲಿ ಆಘಾತಕ್ಕೆ ಚಿಕಿತ್ಸೆ ಕೊಟ್ಟ ಮೊದಮೊದಲ ಪ್ರಯತ್ನಗಳಲ್ಲಿ ಇದೊಂದು. ಐದು ವಾರ, ವಾರಕ್ಕೆರಡು ಸಲ, ಒಂದೊಂದು ಸಲಕ್ಕೆ ಮುಕ್ಕಾಲು ಗಂಟೆ ಬರೆಯಬೇಕು. ಚಿಕಿತ್ಸಕರು ಅದನ್ನು ಓದಿ ಉತ್ತರ ಬರೆಯುತ್ತಾರೆ, ಮುಂದಿನ ಸಲ ಏನು ಬರೆಯಬೇಕೆಂದು ತಿಳಿಸುತ್ತಾರೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಮೂರು ಹಂತ ಇದ್ದವು. ಮೊದಲು, ಎಲ್ಲಕ್ಕಿಂತ ನೋಯಿಸಿದ ಆ ಗಳಿಗೆಯನ್ನು ಈಗ ನಡೆಯುತ್ತಿರುವಂತೆ ಬರೆಯುವುದು: ಏನು ಕಂಡಿತು, ಏನು ಕೇಳಿತು, ಯಾವ ವಾಸನೆ ಬಂತು. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ. ಎರಡನೆಯದು, ಇದೇ ಕಷ್ಟ ಒಬ್ಬ ಗೆಳೆಯನಿಗೋ ಗೆಳತಿಗೋ ಬಂದಿದೆ ಎಂದುಕೊಂಡು ಅವರಿಗೆ ಕಾಗದ ಬರೆಯುವುದು. ಇಲ್ಲಿ ಒಂದು ವಿಚಿತ್ರ ನಡೆಯುತ್ತದೆ. ‘ನನ್ನದೇ ತಪ್ಪು’ ಎಂದು ವರ್ಷಗಟ್ಟಲೆ ಕೊರಗಿದವರು ಗೆಳತಿಗೆ ಬರೆಯುವಾಗ ‘ನಿನ್ನದೇನೂ ತಪ್ಪಿಲ್ಲ’ ಎಂದು ಬರೆಯುತ್ತಾರೆ. ಬರೆದ ಮೇಲೆ ಆ ಮಾತು ತಮಗೂ ಸಲ್ಲುತ್ತದೆ ಎಂದು ಹೊಳೆಯುತ್ತದೆ. ಮೂರನೆಯದು ಬೀಳ್ಕೊಡುಗೆಯ ಕಾಗದ. ಆದದ್ದು ಆಯಿತು, ಇನ್ನು ಮುಂದೆ ನಾನು ಹೀಗೆ ಬದುಕುತ್ತೇನೆ ಎಂದು ತನಗೋ ಹತ್ತಿರದವರಿಗೋ ಬರೆಯುವುದು. ಕಳಿಸಲೇಬೇಕೆಂದಿಲ್ಲ.

2001ರಲ್ಲಿ ಪ್ರಕಟವಾದ ಹೋಲಿಕೆಯ ಅಧ್ಯಯನದಲ್ಲಿ, ಈ ಚಿಕಿತ್ಸೆ ಪಡೆದವರು ಸರದಿಗೆ ಕಾಯುತ್ತಿದ್ದವರಿಗಿಂತ ಹೆಚ್ಚು ಸುಧಾರಿಸಿದ್ದರು. ನಾವು ‘ಆಗಿದ್ದು ಆಗಿಹೋಯ್ತು’ ಎಂಬ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಇಲ್ಲಿ ಅದನ್ನು ಹೇಳುವುದು ಕೊನೆಯಲ್ಲಿ, ಹೇಳುವವರು ನೊಂದವರೇ.

ಇರಾಕಿನಿಂದ ಬಂದ ಬರಹಗಳು

ವಿದ್ಯಾರ್ಥಿಗಳಿಗೆ, ಶಾಂತವಾದ ದೇಶದಲ್ಲಿ ಇದು ನಡೆಯಿತು, ಸರಿ. ಬಾಂಬು ಬೀಳುವ ಕಡೆ? 2003ರ ಯುದ್ಧದ ನಂತರ ಇರಾಕ್ ಹೊತ್ತಿ ಉರಿಯುತ್ತಿತ್ತು. ನೋಡಿದವರು, ಕಳೆದುಕೊಂಡವರು, ಚಿತ್ರಹಿಂಸೆ ಪಟ್ಟವರು ಲೆಕ್ಕವಿಲ್ಲ, ಮನಶ್ಶಾಸ್ತ್ರಜ್ಞರು ಬೆರಳೆಣಿಕೆ. ಆಸ್ಪತ್ರೆಗೆ ಹೋಗುವ ದಾರಿಯೇ ಅಪಾಯ. ಅತ್ಯಾಚಾರಕ್ಕೆ ಒಳಗಾದ ಹೆಂಗಸಿಗೆ ಹೇಳಿಕೊಳ್ಳುವುದೂ ಅಪಾಯ.

ಜರ್ಮನಿಯ ಬರ್ಲಿನ್‌ನಲ್ಲಿ ಚಿತ್ರಹಿಂಸೆಗೆ ಒಳಗಾದವರಿಗೆ ಚಿಕಿತ್ಸೆ ಕೊಡುವ ಒಂದು ಕೇಂದ್ರವಿದೆ. ಅಲ್ಲಿಂದ ಕ್ರಿಸ್ಟೀನ್ ಕ್ನೇವೆಲ್ಸ್‌ರುಡ್ ಮತ್ತು ಬಿರ್ಗಿಟ್ ವಾಗ್ನರ್ ಎಂಬ ಮನಶ್ಶಾಸ್ತ್ರಜ್ಞೆಯರು ಆಮ್‌ಸ್ಟರ್‌ಡ್ಯಾಮಿನ ಬರವಣಿಗೆಯ ಪದ್ಧತಿಯನ್ನು ಅರಬ್ಬೀ ಭಾಷೆಗೆ, ಅಲ್ಲಿನ ಜನರಿಗೆ ಒಗ್ಗುವಂತೆ ತಂದರು. ಇದರ ಹೆಸರು ‘ಇಲಾಜ್‌ನಫ್ಸಿ’. ಮನಸ್ಸಿನ ಇಲಾಜು ಎಂದು ಅರ್ಥ. ಇಲಾಜು ಎಂಬ ಪದ ನಮ್ಮಲ್ಲೂ ಇದೆಯಲ್ಲ, ಅದೇ ಪದ. ಅರಬ್ಬೀ ಮಾತೃಭಾಷೆಯ ಚಿಕಿತ್ಸಕರು ಬೇರೆ ಬೇರೆ ದೇಶಗಳಲ್ಲಿ ಕುಳಿತು, ಬಂದ ಬರಹ ಓದಿ ಉತ್ತರಿಸುತ್ತಿದ್ದರು.

2015ರಲ್ಲಿ ಇದರ ಫಲಿತಾಂಶ ಪ್ರಕಟವಾಯಿತು. 159 ಮಂದಿ ಅದರಲ್ಲಿ ಇದ್ದರು, ಬಹುಪಾಲು ಹೆಂಗಸರು. ಚಿಕಿತ್ಸೆ ಮುಗಿಸಿದವರಲ್ಲಿ ಸುಮಾರು 10ರಲ್ಲಿ 6 ಮಂದಿ ಆಘಾತದ ಲಕ್ಷಣಗಳಿಂದ ಚೇತರಿಸಿಕೊಂಡಿದ್ದರು. ಸರದಿಗೆ ಕಾಯುತ್ತಿದ್ದವರಲ್ಲಿ ಹಾಗೆ ಚೇತರಿಸಿಕೊಂಡವರು ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದು ಸತ್ಯವನ್ನೂ ಹೇಳಬೇಕು: ಚಿಕಿತ್ಸೆ ಶುರುಮಾಡಿದವರಲ್ಲಿ ಬಹಳ ಮಂದಿ ಅದನ್ನು ಮುಗಿಸಲಿಲ್ಲ. ಯುದ್ಧದ ನಡುವೆ ವಾರಕ್ಕೆರಡು ಸಲ ಮುಕ್ಕಾಲು ಗಂಟೆ ಹೊಂದಿಸುವುದು ಸುಲಭವಲ್ಲ.

ದೂರ ಇಲ್ಲಿ ಅಡ್ಡಿಯಾಗಲಿಲ್ಲ, ಬದಲಿಗೆ ಅನುಕೂಲವೇ ಆಯಿತು. ಮುಖ ಕಾಣದವರಿಗೆ, ಊರಿನವರಲ್ಲದವರಿಗೆ, ಆದರೆ ತನ್ನದೇ ಭಾಷೆಯವರಿಗೆ ಹೇಳಿಕೊಳ್ಳಬಹುದಿತ್ತು.

ಯಂತ್ರ ಸಾಕೇ, ಮನುಷ್ಯ ಬೇಕೇ?

ಅದೇ 2015ರಲ್ಲಿ ಅಮೆರಿಕದಲ್ಲಿ ಜಾನ್ ಫೋರ್ಟ್ನಿ ತಂಡದ ಅಧ್ಯಯನ ಬಂತು. ಹಳ್ಳಿಗಾಡಿನ ಮಾಜಿ ಸೈನಿಕರು ಹೋಗುವ 11 ಸಣ್ಣ ಕ್ಲಿನಿಕ್‌ಗಳಲ್ಲಿ ನಡೆದದ್ದು. ಒಟ್ಟು 265 ಮಂದಿ. ಅರ್ಧ ಜನರಿಗೆ ಎಂದಿನ ಚಿಕಿತ್ಸೆ. ಉಳಿದ ಅರ್ಧ ಜನರಿಗೆ ದೂರದ ದೊಡ್ಡ ಆಸ್ಪತ್ರೆಯ ತಂಡ ಫೋನ್, ವಿಡಿಯೋ ಮೂಲಕ ಜೊತೆಯಾಯಿತು. ಅದರಲ್ಲಿ ಒಬ್ಬ ನರ್ಸ್ ಇದ್ದು, ‘ಬಂದಿರಾ? ಯಾಕೆ ಬರಲಿಲ್ಲ? ಮಾತ್ರೆ ತಗೊಂಡಿರಾ?’ ಎಂದು ಫೋನ್ ಮಾಡಿ ವಿಚಾರಿಸುತ್ತಿದ್ದರು. ಎಂದಿನ ವ್ಯವಸ್ಥೆಯಲ್ಲಿ ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆ ದಕ್ಕಿದ್ದು ಶೇ. 12 ಮಂದಿಗೆ. ದೂರದ ತಂಡ ಜೊತೆಯಾದ ಕಡೆ ಶೇ. 55 ಮಂದಿಗೆ. ಎಂಟು ಸಲವಾದರೂ ಚಿಕಿತ್ಸೆಗೆ ಕೂತವರಲ್ಲಿ ಸುಧಾರಣೆ ಎದ್ದು ಕಂಡಿತು.

2022ರಲ್ಲಿ ಬ್ರಿಟನ್ನಿನ ಅಧ್ಯಯನ ಬಂತು. ವೇಲ್ಸ್‌ನ ಕಾರ್ಡಿಫ್‌ನಲ್ಲಿ ರೂಪುಗೊಂಡ ‘ಸ್ಪ್ರಿಂಗ್’ ಎಂಬ ಎಂಟು ಹಂತಗಳ ಆನ್‌ಲೈನ್ ಪಾಠವನ್ನು 196 ಮಂದಿಯ ನಡುವೆ ಪರೀಕ್ಷಿಸಿದ್ದರು. ಒಂದೇ ಘಟನೆಯಿಂದ ಆದ, ತೀರಾ ಗಂಭೀರವಲ್ಲದ ಪಿಟಿಎಸ್‌ಡಿ ಇದ್ದವರು ಅವರು. ಚಿಕಿತ್ಸಕರು ಒಟ್ಟು ಮೂರು ಗಂಟೆಯವರೆಗೆ ಜೊತೆಗಿದ್ದು ಈ ಪಾಠ ಮಾಡಿಸಿದರೆ, ಎದುರು ಕೂತು ಹನ್ನೆರಡು ಸಲದವರೆಗೆ ಪಡೆಯುವ ಚಿಕಿತ್ಸೆಗಿಂತ ಇದು ಕಡಿಮೆಯಾಗಲಿಲ್ಲ.

ಇಲ್ಲೆಲ್ಲ ಒಬ್ಬ ಮನುಷ್ಯ ಇದ್ದೇ ಇದ್ದಾನೆ. ಓದಿ ಉತ್ತರಿಸುವವರು, ಫೋನ್ ಮಾಡಿ ವಿಚಾರಿಸುವ ನರ್ಸ್, ಪಾಠಕ್ಕೆ ಜೊತೆಯಾಗುವ ಚಿಕಿತ್ಸಕರು. ತಂತಿ, ಪರದೆ, ಆ್ಯಪ್ ಎಲ್ಲವೂ ಆ ಮನುಷ್ಯನನ್ನು ತಲುಪಿಸುವ ರಸ್ತೆಗಳು.

ಹಾಗೆಂದು ಯಾವಾಗ ಬೇಕಾದರೂ ಹೇಳಿಸುವುದು ಸರಿಯಲ್ಲ. 1980ರ ದಶಕದಿಂದ ದುರಂತ ನಡೆದ ಕೂಡಲೇ ಜನರನ್ನು ಕೂರಿಸಿ ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸುವ ಪದ್ಧತಿ ಹಬ್ಬಿತ್ತು. ಅದರಿಂದ ಪಿಟಿಎಸ್‌ಡಿ ತಪ್ಪುವುದಿಲ್ಲ, ಕೆಲವರಿಗೆ ಕೆಡುಕೂ ಆಗಬಹುದು ಎಂದು ನಂತರದ ಅಧ್ಯಯನಗಳು ತೋರಿಸಿದವು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಕೈಪಿಡಿ ಇಂಥ ಹೊತ್ತಿನಲ್ಲಿ ಮಾಡಬೇಕಾದ್ದನ್ನು ಸರಳವಾಗಿ ಹೇಳಿತು: ನೀರು, ಊಟ, ಮಲಗಲು ಜಾಗ, ತಮ್ಮವರ ಸುದ್ದಿ ಕೊಡಿ. ಹೇಳಿಕೊಂಡರೆ ಕೇಳಿ, ಒತ್ತಾಯಿಸಿ ಹೇಳಿಸಬೇಡಿ. ಹೆಣದ ಪಕ್ಕ ಕೂತವರ ಮುಂದೆ ಮೈಕು ಹಿಡಿದು ‘ಹೇಗನಿಸ್ತಿದೆ’ ಎಂದು ಕೇಳುವ ನಮ್ಮ ಸುದ್ದಿ ಕಸುಬಿಗೂ ಇದು ಪಾಠ.

ನಮ್ಮಲ್ಲಿ ನಡೆದದ್ದು

ಭಾರತ ದೂರದ ಸಮಸ್ಯೆಯನ್ನು ಮೊದಲು ಬೇರೆ ರೀತಿಯಲ್ಲಿ ಎದುರಿಸಿತು. ತಂತಿ ಇರಲಿಲ್ಲ, ಜನ ಇದ್ದರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಟೆಂಟು ಹಾಕಿಸಿ ರೋಗಿಗಳ ಮನೆಯವರನ್ನೂ ಜೊತೆಗೆ ಉಳಿಸಿಕೊಂಡರು. ಮನೆಯವರು ಕಾಯಿಲೆ ಏನೆಂದು ಕಲಿತು ಊರಿಗೆ ಹೋದರು.

1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ಸತ್ತವರಲ್ಲಿ ಮಕ್ಕಳೇ ಹೆಚ್ಚು. ಮಕ್ಕಳನ್ನು, ತಮ್ಮವರನ್ನು ಕಳೆದುಕೊಂಡ ಮನೆಗಳವರ ಸಂಕಟವನ್ನು ನಿಮ್ಹಾನ್ಸ್‌ನವರು ಅಧ್ಯಯನ ಮಾಡಿದರು. ದುರಂತದ ನಂತರದ ಮನಸ್ಸನ್ನು ನಮ್ಮ ದೇಶದಲ್ಲಿ ಹೀಗೆ ದಾಖಲಿಸಿದ ಮೊದಮೊದಲ ಕೆಲಸಗಳಲ್ಲಿ ಇದೊಂದು. 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ದುರಂತವಾಯಿತು. ಲಕ್ಷಾಂತರ ಜನರಿಗೆ ಸಾಕಾಗುವಷ್ಟು ಮನೋವೈದ್ಯರು ಎಲ್ಲಿಂದ ಬರಬೇಕು? ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸ ಮೂರ್ತಿ ಮತ್ತಿತರರು ಅಲ್ಲಿನ ಸಾಮಾನ್ಯ ಡಾಕ್ಟರುಗಳಿಗೇ ಮನಸ್ಸಿನ ಕಾಯಿಲೆ ಗುರುತಿಸುವ, ಉಪಚರಿಸುವ ತರಬೇತಿ ಕೊಟ್ಟರು.

ಇದೇ ದಾರಿ ಬಳ್ಳಾರಿಯಲ್ಲಿ ದೊಡ್ಡದಾಯಿತು. ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಮಾಡಿ ನೋಡಿದ್ದನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಇಡೀ ಬಳ್ಳಾರಿ ಜಿಲ್ಲೆಗೆ ಒಯ್ದಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್, ಮನೆ ಮನೆ ಸುತ್ತುವ ಆರೋಗ್ಯ ಕಾರ್ಯಕರ್ತೆಯರೇ ಮೊದಲು ಗುರುತಿಸುವವರು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಇದನ್ನು ನೋಡಿಯೇ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿತು. 2001ರ ಗುಜರಾತ್ ಭೂಕಂಪ, 2004ರ ಸುನಾಮಿ ನಡೆದಾಗಲೂ ಊರಿನ ಜನರನ್ನೇ ತರಬೇತಿಗೊಳಿಸಿ ಮನೆಮನೆಗೆ ಕಳಿಸಲಾಯಿತು.

ತಂತಿ ಬಂದದ್ದು ಆಮೇಲೆ. 2020ರ ಮಾರ್ಚ್ 25ರಂದು, ಲಾಕ್‌ಡೌನ್ ಶುರುವಾದ ದಿನವೇ, ಡಾಕ್ಟರುಗಳು ವಿಡಿಯೋ, ಫೋನ್, ಮೆಸೇಜ್ ಮೂಲಕ ರೋಗಿಗಳನ್ನು ನೋಡುವ ನಿಯಮಗಳು ದೇಶದಲ್ಲಿ ಜಾರಿಗೆ ಬಂದವು. 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಶುರುವಾಯಿತು. ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ನಂಬರ್ 14416. ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ. ಮೊದಲು ಆಪ್ತಸಮಾಲೋಚಕರು ಕೇಳುತ್ತಾರೆ, ಬೇಕಾದರೆ ಮನೋವೈದ್ಯರಿಗೆ, ಹತ್ತಿರದ ಆಸ್ಪತ್ರೆಗೆ ದಾಟಿಸುತ್ತಾರೆ. ಒಂದು ಕರೆಯೇ ಪಿಟಿಎಸ್‌ಡಿಗೆ ಪೂರ್ತಿ ಚಿಕಿತ್ಸೆಯಲ್ಲ. ಅದು ಬಾಗಿಲು. ಚಿಕಿತ್ಸೆ ಎಂದರೆ ವಾರ ವಾರ ಅದೇ ಮನುಷ್ಯನ ಜೊತೆ ಮಾತು.

ಉಳಿದಿರುವ ಅಡ್ಡಿ

ಅಂದರೆ ದೂರದಿಂದ ಚಿಕಿತ್ಸೆ ಆಗುತ್ತದೆ ಎಂದು ಚರಿತ್ರೆ ತೋರಿಸಿಯಾಗಿದೆ. ಇವತ್ತು ಅಡ್ಡಿ ಇರುವುದು ನಮ್ಮ ಮನೆಗಳ ಒಳಗೆ.

ಫೋನು ಮನೆಗೊಂದು. ಅದು ಯಜಮಾನರ ಜೇಬಿನಲ್ಲಿ, ಇಲ್ಲವೇ ಓದುವ ಮಗನ ಕೈಯಲ್ಲಿ. ನೆಟ್‌ವರ್ಕ್ ಸಿಗುವುದು ಜಗಲಿಯ ಮೇಲೆ ಮಾತ್ರ. ಸೊಸೆ ಮುಕ್ಕಾಲು ಗಂಟೆ ಫೋನಿನಲ್ಲಿ ಮೆಲ್ಲಗೆ ಮಾತಾಡಿದರೆ ‘ಯಾರ ಹತ್ತಿರ ಅಷ್ಟೊತ್ತು?’ ಎಂಬ ಪ್ರಶ್ನೆ ಬರುತ್ತದೆ. ಗಂಡಸು ಮಾತಾಡಿದರೆ ‘ಹುಚ್ಚು ಹಿಡಿದಿದೆಯಂತೆ’ ಎಂಬ ಸುದ್ದಿ ಹಬ್ಬುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕೆಂಬ ಹಕ್ಕು ಕೊಟ್ಟಿದೆ. ಆಸ್ಪತ್ರೆ ಗುಟ್ಟು ಕಾಯಬಹುದು, ಗೋಡೆ ಪಕ್ಕದ ಕಿವಿಯನ್ನು ಕಾಯ್ದೆ ತಡೆಯಲಾರದು.

ಮನೆಯಲ್ಲಿ ಇಂಥವರಿದ್ದರೆ ಇಷ್ಟು ಮಾಡಬಹುದು. ವಾರದಲ್ಲಿ ಒಂದು ಹೊತ್ತು ಗೊತ್ತುಮಾಡಿ, ಆ ಹೊತ್ತಿಗೆ ಫೋನು ಅವರ ಕೈಗೆ ಕೊಡಿ. ಅವರಿಗೆ ಕೋಣೆಯೋ, ತೋಟದ ಮನೆಯೋ, ಹೊಲದ ಬದುವೋ, ಯಾರೂ ಕೇಳಿಸಿಕೊಳ್ಳದ ಜಾಗ ಇರಲಿ. ಮುಗಿದ ಮೇಲೆ ‘ಏನಂದ್ರು, ಏನು ಹೇಳಿದೆ’ ಎಂದು ಕೆದಕಬೇಡಿ. ಆ ದಿನ ಅವರು ಮಂಕಾಗಿರಬಹುದು, ಊಟ ಸೇರದಿರಬಹುದು. ಪೆನ್‌ಬೇಕರ್ ವಿದ್ಯಾರ್ಥಿಗಳಿಗೂ ಹಾಗೇ ಆಗಿತ್ತು. ಅದನ್ನು ನೋಡಿ ‘ಇನ್ನು ಬೇಡ’ ಎಂದು ನಿಲ್ಲಿಸದೆ ಚಿಕಿತ್ಸಕರಿಗೆ ತಿಳಿಸಲು ಹೇಳಿ.

ದುಡ್ಡು ಕೊಟ್ಟು ಆನ್‌ಲೈನ್ ಚಿಕಿತ್ಸೆ ಪಡೆಯುವವರು ಮೊದಲೇ ವಿಚಾರಿಸಿಕೊಳ್ಳಿ. ಮನೋವೈದ್ಯರಾದರೆ ವೈದ್ಯಕೀಯ ಪರಿಷತ್ತಿನ ನೋಂದಣಿ, ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ‘ಒಂದೇ ದಿನದಲ್ಲಿ ಗುಣ’ ಎಂದವರನ್ನು ನಂಬಬೇಡಿ.

ಫೋನು ಸಾಲದ ಹೊತ್ತೂ ಇದೆ. ಹೊಡೆಯುವವನು ಇನ್ನೂ ಅದೇ ಮನೆಯಲ್ಲಿದ್ದರೆ ಮೊದಲು ಬೇಕಾದ್ದು ರಕ್ಷಣೆ: ಹೆಂಗಸರಿಗೆ 181, ಮಕ್ಕಳಿಗೆ 1098, ತುರ್ತಿಗೆ 112. ಸಾಯುವ ಮಾತು ಬಂದರೆ, ಕುಡಿತ ಮಿತಿಮೀರಿದರೆ, ಎಲ್ಲಿದ್ದೇನೆಂಬ ಅರಿವೇ ತಪ್ಪಿದರೆ ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇಂಟರಾಪಿಯಲ್ಲಿ ಕೂಡ ಇಂಥ ಅಪಾಯವಿದ್ದವರನ್ನು ಮೊದಲೇ ಗುರುತಿಸಿ ಬರವಣಿಗೆಗೆ ಸೇರಿಸಿಕೊಳ್ಳದೆ ಬೇರೆ ಕಡೆಗೆ ಕಳಿಸುತ್ತಿದ್ದರು.

ಹೇಡಿ ಎಂದು ಗುಂಡಿಟ್ಟ ಕಾಲದಿಂದ 14416ರವರೆಗೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಕೇಳುವವರು ಈಗ ಫೋನಿನ ಆ ಕಡೆ ಇದ್ದಾರೆ. ಈ ಕಡೆ ವಾರಕ್ಕೆ ಮುಕ್ಕಾಲು ಗಂಟೆ ಬಾಗಿಲು ಮುಚ್ಚಿಕೊಡುವ ಕೆಲಸ ಮನೆಯವರದು.